ಹಳೇ ಸ್ಟಾಕ್ ಅಂತ ಗಿರಾಕಿಗೆ ಬಾಯ್ಬಿಟ್ಟು ಹೇಳ್ಬೇಕೇನ್ರಿ? ಬೈಬಲ್ ಓದ್ದವ್ರು ಸ್ವಲ್ಪ ಹೇಳ್ರಿ

ದ್ರಾಕ್ಷಿ ಹುಡುಗ (ವಿಜಯಪುರ)
ಎಲ್ಲಾರ್ಗೂ ನಮಸ್ಕಾರ್ರಿ. ನಾ ತಿಕೋಟಾ ಕಡೆಯವ, ನಾಕು ವರ್ಷದಿಂದ ಒಣದ್ರಾಕ್ಷಿ ವ್ಯಾಪಾರ ಐತಿ, ರೈತರ ಶೆಡ್ಡಿನಿಂದ ಮಾಲ್ ಎತ್ತೂದು, ಕಡ್ಡಿ ತಗದು ಗ್ರೇಡಿಂಗ್ ಮಾಡ್ಸೂದು, ಕೋಲ್ಡ್ ಸ್ಟೋರೇಜಿನ್ಯಾಗ ಇಟ್ಟು ರೇಟ್ ನೋಡಿ ಬಿಡೂದು. ಮನ್ಯಾಗ ಕ್ರಿಶ್ಚನ್ರು, ಅಜ್ಜನ ಕಾಲದಿಂದ.

ವಿಷಯ ಏನಂದ್ರ ಹ್ವಾದ ವರ್ಷದ್ದು 140 ಬಾಕ್ಸ್ ಹಂಗ ಉಳದೈತಿ, 15 ಕಿಲೋದ್ದು. ಗಂಧಕದ ಹೊಗಿ ಚಲೋ ಕೊಟ್ಟಿದ್ವಿ, ಕೋಲ್ಡ್‌ನಾಗ ಇತ್ತು, ಹಿಂಗಾಗಿ ಬಣ್ಣ ಇನ್ನೂ ಹಳದೀನ ಐತಿ. ಹುಬ್ಬಳ್ಳಿ ಸ್ವೀಟಿನವ್ರೊಬ್ರು ಬಂದು ಸ್ಯಾಂಪಲ್ ನೋಡಿ ರೇಟ್ ಒಪ್ಕೊಂಡು ಹ್ವಾದ್ರು, ಹೊಸಾದೋ ಹಳೇದೋ ಅಂತ ಒಂದ್ ಮಾತು ಕೇಳ್ಲಿಲ್ಲ. ನನ್ನ ಪಾರ್ಟ್ನರ್ ಅಂತಾನ, ಕೇಳಿದ್ರ ಹೇಳೋಣ, ಕೇಳ್ಲಿಲ್ಲಂದ್ರ ನಾವಾಗೇ ಹೋಗಿ ಯಾಕ್ ಹೇಳೂದು, ಸುಳ್ಳಂತೂ ಹೇಳಿಲ್ಲಲ್ಲ ಅಂತ.

ಮೊನ್ನೆ ಐತಾರ ಚರ್ಚಿನ್ಯಾಗ ಜ್ಞಾನೋಕ್ತಿ 11ನೇ ಅಧ್ಯಾಯ ಓದಿದ್ರು, ಮೋಸದ ತ್ರಾಸು ದೇವರಿಗೆ ಅಸಹ್ಯ ಅಂತ. ನನ್ ತ್ರಾಸೇನೋ ಸರಿ ಐತ್ರಿ, ಎಲೆಕ್ಟ್ರಾನಿಕ್, ವರ್ಷಾ ವರ್ಷಾ ಸೀಲ್ ಹಾಕಸ್ತೀನಿ. ಆದ್ರೂ ಹೊಟ್ಟ್ಯಾಗ ಏನೋ ತಿರುವಿದಂಗ ಆತು. ತೂಕ ಸರಿ ಇದ್ರ ಸಾಕೋ, ಬಾಯಿನೂ ಸರಿ ಇರ್ಬೇಕೋ?

ಖಾರಾ ಚುರುಮುರಿ
ಅಪ್ಪಾ, ಇಷ್ಟೆಲ್ಲಾ ತಲಿ ಕೆಡಿಸ್ಕೊಂಡ್ರ ಎಪಿಎಂಸ್ಯಾಗ ಒಂದ್ ದಿನಾ ಉಳಿಯಾಂಗಿಲ್ಲ ನೀ. ಸ್ಯಾಂಪಲ್ ತೋರ್ಸಿದ್ಯಾ? ಬಾಯಾಗ ಹಾಕ್ಕೊಂಡು ನೋಡಿದ್ನಾ? ಮುಗೀತು.

ಕ್ಯಾಂಪ್ ಮಾಸ್ತರ (ಬೆಳಗಾವಿ)
ನಾನು ನಿವೃತ್ತ ಶಿಕ್ಷಕ, ಕಥೋಲಿಕ. ಇದು ಇವತ್ತಿನ ಪ್ರಶ್ನೆ ಅಲ್ಲ ತಮ್ಮಾ, 13ನೇ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸ್ ಅನ್ನೋ ಧರ್ಮಪಂಡಿತರು ತಮ್ಮ ಸುಮ್ಮಾ ಅನ್ನೋ ಪ್ರಶ್ನೋತ್ತರದ ಗ್ರಂಥದಲ್ಲಿ ಕೊಡು-ಕೊಳ್ಳುವಾಗ ಆಗುವ ಮೋಸಕ್ಕೇ ಅಂತ ಒಂದು ಪ್ರಶ್ನೆ ಇಟ್ಟಿದ್ದಾರೆ, ಎರಡನೇ ಭಾಗದ ಎರಡನೇ ಪಾಲಿನ 77ನೇದು. ದೋಷ ಮೂರು ಥರ ಅಂತಾರೆ ಅವರು: ವಸ್ತುವೇ ಬೇರೆ ಇರೋದು, ಅಳತೆ ಕಮ್ಮಿ ಇರೋದು, ಗುಣ ಕೆಟ್ಟಿರೋದು. ಗೊತ್ತಿದ್ದೂ ಮಾರಿದರೆ ಮೋಸ, ದುಡ್ಡು ವಾಪಸ್ ಕೊಡಬೇಕು. ಗೊತ್ತಿಲ್ಲದೆ ಮಾರಿದರೆ ಪಾಪ ಅಲ್ಲ, ಆದರೆ ಗೊತ್ತಾದ ದಿನ ನಷ್ಟ ತುಂಬಿಕೊಡಬೇಕು. ನೀನು ತೂಕದ ಮಾತು ಮಾತ್ರ ಹಿಡಿದಿದ್ದಿ, ಅವರು ಗುಣವನ್ನೂ ಅದೇ ತಕ್ಕಡಿಗೆ ಹಾಕಿದ್ದಾರೆ.

ಆಮೇಲೆ ಒಂದು ಒಳ್ಳೇ ಉದಾಹರಣೆ ಇದೆ, ಒಕ್ಕಣ್ಣಿನ ಕುದುರೆ. ಒಂದು ಕಣ್ಣಿಲ್ಲ ಅನ್ನೋದು ಎಲ್ಲರಿಗೂ ಕಾಣ್ತದೆ, ಅದಕ್ಕೆ ತಕ್ಕಂತೆ ಬೆಲೆನೂ ಇಳಿಸಿದ್ದಿ ಅಂದ್ರೆ ಸಂತೆಯಲ್ಲಿ ನಿಂತು ನನ್ನ ಕುದುರೆ ಕುರುಡು ಅಂತ ಕೂಗೋದು ಬೇಕಾಗಿಲ್ಲ. ಆದರೆ ಕಾಣದ ದೋಷ, ಅದರಿಂದ ತಗೊಂಡವನಿಗೆ ನಷ್ಟ ಅಥವಾ ಅಪಾಯ ಆಗೋದಿದ್ರೆ ಅವನು ಕೇಳದಿದ್ರೂ ಹೇಳಬೇಕು. ಈಗ ನೀನೇ ಹೇಳು, ಗಂಧಕ ಕುಡಿಸಿ ಹಳದಿ ಇಟ್ಟ ಹಳೇ ದ್ರಾಕ್ಷಿ ಒಕ್ಕಣ್ಣಿನ ಕುದುರೆಯೋ, ಅಲ್ಲವೋ?

ಖಾರಾ ಚುರುಮುರಿ
ಮಾಸ್ತರ, ನಮ್ ಕಡೆ ಎತ್ತಿನ ಜಾತ್ರ್ಯಾಗ ಕೈಮ್ಯಾಲ ಟಾವೆಲ್ ಹಾಕಿ ಒಳಗ ಬೆರಳು ಹಿಡದು ರೇಟ್ ಮಾಡ್ತಾರ. ನಿಮ್ ಸಂತರು ಬಂದ್ರ ಟಾವೆಲ್ ಕಿತ್ಕೊಂಡ್ ಹೋಗ್ತಾರ 😀

ಘಟಪ್ರಭಾ ದಂಡಿ
ನಗಬ್ಯಾಡ್ರಿ, ತಗೊಳ್ಳೋ ಮಂದೀನೂ ಕಮ್ಮಿ ಇಲ್ಲ. ನಾ ಲಿಂಗಾಯತ, ಆದ್ರ ಸಣ್ಣವ ಇದ್ದಾಗ ಮಿಷನ್ ಸಾಲ್ಯಾಗ ಕಲ್ತವ, ಒಂದ್ ವಾಕ್ಯ ಇನ್ನೂ ನೆನಪೈತಿ, ಅದೇ ಜ್ಞಾನೋಕ್ತಿ 20ರಾಗ: ಕೊಳ್ಳಾಂವ ಚಲೋ ಇಲ್ಲ ಚಲೋ ಇಲ್ಲ ಅಂತಾನ, ಆ ಮ್ಯಾಲ ಹೋಗಿ ಜಂಭ ಕೊಚ್ಕೋತಾನ ಅಂತ. ಅರ್ಥ ಅಷ್ಟರಿ, ಶಬ್ದ ನನ್ನೂ. ಮೂರು ಸಾವಿರ ವರ್ಷದ ಹಿಂದಿಂದೋ ಏನೋ, ನಮ್ ಗೋಕಾಕ ಸಂತಿ ನೋಡೇ ಬರದಂಗೈತಿ.

ನಾ ಕಬ್ಬಿನ ರೈತ. ಕಾರ್ಖಾನಿ ಹೆಸರು ಬ್ಯಾಡ, ಹೊರಗಿನ ವೇ ಬ್ರಿಡ್ಜಿನ್ಯಾಗ ಒಂದ್ ತೂಕ, ಒಳಗಿಂದ್ರಾಗ ಒಂದ್ ತೂಕ ಬಂದದ್ದು ನಾ ಕಣ್ಣಾರೆ ನೋಡೀನಿ, ಕೇಳಿದ್ರ ಟ್ರ್ಯಾಕ್ಟರ್ ಹಿಂದ ತಿರುಗಿಸ್ಕೊಂಡ್ ಹೋಗು ಅಂದ್ರು. ಕಡದ ಕಬ್ಬು ತಗೊಂಡು ಎಲ್ಲಿಗ್ ಹೋಗ್ಬೇಕ್ರಿ, ಒಣಗಿದಷ್ಟೂ ನಮಗ ಹಾನಿ. ಬಿಲ್ಲು ಅಂದ್ರ 1966ರ ಕಬ್ಬು ನಿಯಂತ್ರಣ ಆದೇಶದಾಗ 14 ದಿನದಾಗ ಕೊಡ್ಬೇಕು, ತಡಾ ಆದ್ರ ವರ್ಷಕ್ಕ 15 ಪರ್ಸೆಂಟ್ ಬಡ್ಡಿ ಅಂತ ಐತಿ. ಬಡ್ಡಿ ಬಂದದ್ದು ಯಾರರ ನೋಡೀರೇನು? ನಿಮ್ ಬೈಬಲ್ನ್ಯಾಗ ಇದಕ್ಕೇನರ ಐತೇನ್ರಿ ಮಾಸ್ತರ?

ಕ್ಯಾಂಪ್ ಮಾಸ್ತರ (ಬೆಳಗಾವಿ)
ಇದೆ, ಬೇಕಾದಷ್ಟಿದೆ. ಧರ್ಮೋಪದೇಶಕಾಂಡ 25ರಲ್ಲಿ ಚೀಲದಲ್ಲಿ ಎರಡು ಥರದ ತೂಕದ ಕಲ್ಲು ಇಟ್ಕೋಬಾರದು ಅಂತ ಇದೆ, ದೊಡ್ಡದು ತಗೊಳ್ಳೋಕೆ, ಸಣ್ಣದು ಕೊಡೋಕೆ. ಪ್ರವಾದಿ ಆಮೋಸ 8ನೇ ಅಧ್ಯಾಯದಲ್ಲಿ ಇನ್ನೂ ಖಾರ: ಹಬ್ಬ ಯಾವಾಗ ಮುಗಿದೀತು, ಅಂಗಡಿ ಯಾವಾಗ ತೆಗೆದೇವು ಅಂತ ಕಾಯ್ತಾ ಕೂತ ವ್ಯಾಪಾರಿಗಳು, ಅಳತೆ ಕಿರಿದು ಮಾಡಿ ಬೆಲೆ ಹಿರಿದು ಮಾಡೋರು, ಗೋಧಿಯ ಹೊಟ್ಟನ್ನೂ ಮಾರೋರು. ಆಮೋಸ ಮಠದಲ್ಲಿ ಕೂತವನಲ್ಲ, ಕುರಿ ಕಾಯೋನು, ಅತ್ತಿಹಣ್ಣಿನ ಕೆಲಸ ಮಾಡೋನು. ಸಂತೆ ಗೊತ್ತಿದ್ದವನ ಸಿಟ್ಟು ಅದು. ಗಮನಿಸಿ, ಅವನು ಪೂಜೆ ಸರಿಯಿಲ್ಲ ಅಂತ ಬೈಯಲಿಲ್ಲ, ಪೂಜೆ ಭರ್ಜರಿ ನಡೀತಿತ್ತು, ತಕ್ಕಡಿ ಸರಿಯಿರಲಿಲ್ಲ.

ಅಡ್ಮಿನ್
ಒಂದು ಕಾಮೆಂಟ್ ತಗದೀನಿ. ಮತಾಂತರದ ಜಗಳ ಇಲ್ಲಿ ಬ್ಯಾಡ, ಪ್ರಶ್ನಿ ವ್ಯಾಪಾರದ್ದೈತಿ.

ಡೋಣಿ ಹೊಳಿ
ನಂದೂ ಅಡತಿ ಅಂಗಡಿ ಐತಿ, ತೊಗರಿ ಜೋಳ. ಮಾಸ್ತರಿಗೆ ಒಂದ್ ಕೇಳ್ತೀನಿ. ಮಾಲಿನ್ಯಾಗ ದೋಷ ಇಲ್ಲ, ಆದ್ರ ನಾಳಿ ರೇಟ್ ಬೀಳ್ತೈತಿ ಅಂತ ನನಗ ಗೊತ್ತೈತಿ, ಹೊರಗಿಂದ 40 ಲಾರಿ ಹೊಂಟಾವು ಅಂತ ಫೋನ್ ಬಂದೈತಿ, ಗಿರಾಕಿಗೆ ಗೊತ್ತಿಲ್ಲ. ಇವತ್ತಿನ ರೇಟಿಗೆ ಮಾರಿದ್ರ ಪಾಪಾನಾ?

ಕ್ಯಾಂಪ್ ಮಾಸ್ತರ (ಬೆಳಗಾವಿ)
ಭಲೆ! ಇದೇ ಪ್ರಶ್ನೆ ಅಕ್ವಿನಾಸ್ ತಗೊಂಡಿದ್ದಾರೆ. ಬರಗಾಲ ಬಿದ್ದ ಊರಿಗೆ ಒಬ್ಬ ಗೋಧಿ ತಂದಿದ್ದಾನೆ, ಹಿಂದೆ ಇನ್ನೂ ಬಹಳ ಮಂದಿ ಗೋಧಿ ತರ್ತಿದ್ದಾರೆ ಅಂತ ಅವನಿಗೊಬ್ಬನಿಗೇ ಗೊತ್ತು. ಹೇಳಬೇಕಾ? ಹಳೇ ರೋಮಿನ ಚಿಂತಕ ಸಿಸೆರೋ ಹೇಳಲೇಬೇಕು ಅನ್ನೋ ಕಡೆಯವನು. ಅಕ್ವಿನಾಸ್ ಸ್ವಲ್ಪ ಸಡಿಲ ಬಿಡ್ತಾರೆ: ಇವತ್ತಿನ ಬೆಲೆಗೆ ಮಾರಿದರೆ ನ್ಯಾಯ ತಪ್ಪಿಲ್ಲ, ಹೇಳಿದರೆ ಅಥವಾ ಬೆಲೆ ಇಳಿಸಿದರೆ ಅದು ಇನ್ನೂ ದೊಡ್ಡ ಗುಣ. ಅಂದ್ರೆ ನಾಳೆಯ ಸುದ್ದಿ ಬೇರೆ, ಇವತ್ತು ಕೈಯಲ್ಲಿರೋ ಮಾಲಿನ ದೋಷ ಬೇರೆ.

ಲಾಭನೇ ಪಾಪ ಅಂತ ಅವರು ಹೇಳಿಲ್ಲ ಅನ್ನೋದೂ ಗೊತ್ತಿರಲಿ. ಮನೆ ನಡೆಸೋಕೆ, ಬಡವರಿಗೆ ಕೊಡೋಕೆ, ಊರಿಗೆ ಬೇಕಾದ ವಸ್ತು ತರೋಕೆ ಅಂತ ಮಿತವಾದ ಲಾಭ ತಗೊಂಡ್ರೆ ಅದು ದುಡಿಮೆಗೆ ಸಿಕ್ಕ ಕೂಲಿ ಇದ್ದಂಗೆ ಅಂದಿದ್ದಾರೆ.

ಖಾರಾ ಚುರುಮುರಿ
ಮಿತ ಅಂದ್ರ ಎಷ್ಟು ಪರ್ಸೆಂಟ್ರಿ? ಅದನ್ನ ಮಾತ್ರ ಯಾರೂ ಬರೆಯಾಂಗಿಲ್ಲ ನೋಡ್ರಿ.

ದ್ರಾಕ್ಷಿ ಹುಡುಗ (ವಿಜಯಪುರ)
ಅಷ್ಟರಾಗ ಇನ್ನೊಂದು. ನಾವು ರೈತರಿಗೆ ಡಿಸೆಂಬರದಾಗ ಮುಂಗಡ ಕೊಡ್ತೀವ್ರಿ, ಔಷಧ ಗೊಬ್ಬರಕ್ಕ. ಬಡ್ಡಿ ಒಂದ್ ರೂಪಾಯಿ ಹಚ್ಚಾಂಗಿಲ್ಲ. ಮಾರ್ಚ್ನ್ಯಾಗ ಮಾಲ್ ತಗೊಳ್ಳಾಗ ಕಿಲೋಕ್ಕ 5 ರೂಪಾಯಿ ಕಮ್ಮಿ ಹಿಡೀತೀವಿ ಅಷ್ಟ. ಇದು ಚಲೋ ಅಲ್ಲೇನ್ರಿ, ಮೈಕ್ರೋಫೈನಾನ್ಸ್ನವ್ರಕಿಂತ?

ಕ್ಯಾಂಪ್ ಮಾಸ್ತರ (ಬೆಳಗಾವಿ)
ತಮ್ಮಾ, ಬೇಜಾರ್ ಮಾಡ್ಕೋಬೇಡ. ಮುಂದಿನ ಪ್ರಶ್ನೆ, 78ನೇದು, ಬಡ್ಡಿಯದು. ಮುಂಚೆ ದುಡ್ಡು ಕೊಟ್ಟೆ ಅನ್ನೋ ಕಾರಣಕ್ಕೇ ನ್ಯಾಯದ ಬೆಲೆಗಿಂತ ಕಮ್ಮಿಗೆ ತಗೊಂಡರೆ ಅದೂ ಬಡ್ಡಿನೇ ಅಂತ ಅಲ್ಲಿ ಸೀದಾ ಬರೆದಿದ್ದಾರೆ. ಉದ್ರಿ ಕೊಟ್ಟೆ ಅಂತ ಜಾಸ್ತಿಗೆ ಮಾರೋದೂ ಅಷ್ಟೇ. ಹೆಸರು ಬದಲಾಯಿಸಿದರೆ ಬಡ್ಡಿ ಬದಲಾಗಲ್ಲ.

ದ್ರಾಕ್ಷಿ ಹುಡುಗ (ವಿಜಯಪುರ)
🤐

ರೈಲ್ವೆ ಗೇಟ್ 2
ನಾವು ಮೆಥಡಿಸ್ಟ್, ಸ್ವಲ್ಪ ಈ ಕಡಿ ಮಾತೂ ಕೇಳ್ರಿ. ಬಡ್ಡಿ ವಿಷಯದಾಗ ಸಭೆ, ಅಂದ್ರ ಚರ್ಚು, ಒಂದೇ ಕಡೆ ನಿಂತಿಲ್ಲ. 325ರಾಗ ನಿಕೇಯದಾಗ ಕೂಡಿದ ಬಿಷಪ್ಪರ ಸಭೆ ಪಾದ್ರಿಗಳು ಬಡ್ಡಿ ವ್ಯವಹಾರ ಮಾಡಬಾರದಂತು, 1179ರಾಗ ರೋಮಿನ ಲ್ಯಾಟರನ್ನಿನ್ಯಾಗ ಕೂಡಿದ ಅಂಥದ್ದೇ ಸಭೆ ಬಹಿರಂಗವಾಗಿ ಬಡ್ಡಿ ತಿನ್ನೋರಿಗೆ ಪ್ರಭು ಭೋಜನ ಇಲ್ಲ, ಕ್ರಿಶ್ಚನ್ ಮಣ್ಣೂ ಇಲ್ಲ ಅಂತು. ಆದ್ರ 15ನೇ ಶತಮಾನದಾಗ ಇಟಲಿಯೊಳಗ ಫ್ರಾನ್ಸಿಸ್ಕನ್ ಸನ್ಯಾಸಿಗಳೇ ಅಡವು ಅಂಗಡಿ ತಗದ್ರು, ಬಡವ್ರು ಸಾವುಕಾರರ ಬಾಯಿಗೆ ಬೀಳಬಾರ್ದಂತ, ಖರ್ಚಿಗೆ ಅಂತ ಸ್ವಲ್ಪ ತಗೋತಿದ್ರು. ಅದು ಬಡ್ಡೀನ ಅಲ್ಲೇನು ಅಂತ ದೊಡ್ಡ ಜಗಳ ಆಗಿ ಕಡೀಕ 1515ರಾಗ ಪೋಪ್ ಹೌದು ಇದು ಸರಿ ಅಂದ್ರು. ಬಂಗಾರ ಇಟ್ಟು ರೊಕ್ಕ ತರೂದು ನಮಗೇನ್ ಹೊಸಾದಲ್ಲ ಬಿಡ್ರಿ, ಮನಿ ಮನ್ಯಾಗ ಐತಿ.

ಪ್ರಾಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ 1545ರಾಗ ಒಂದ್ ಪತ್ರ ಬರದ, ಅದರ ಸಾರ ಹಿಂಗೈತಿ: ಹೊಟ್ಟಿಗೆ ಇಲ್ಲದೆ ಸಾಲ ಕೇಳಾಂವನ ಹತ್ರ ಬಡ್ಡಿ ಕೇಳಬ್ಯಾಡ, ಆದ್ರ ನಿನ್ ರೊಕ್ಕದಿಂದ ವ್ಯಾಪಾರ ಮಾಡಿ ಲಾಭ ಮಾಡಾಂವನ ಹತ್ರ ಮಿತಿಯೊಳಗ ತಗೊಂಡ್ರ ತಪ್ಪಿಲ್ಲ. ಯಾರಿಗೆ ಕೊಡ್ತಿ, ಯಾಕ್ ಕೊಡ್ತಿ, ಅದು ಮುಖ್ಯ. 2025ರಾಗ ನಮ್ ಸರ್ಕಾರ ಮೈಕ್ರೋ ಸಾಲದವ್ರ ಕಿರುಕುಳಕ್ಕ ಸುಗ್ರೀವಾಜ್ಞೆ ತಂದಾಗ ನನಗ ಇದೇ ನೆನಪಾತು, ಆ ಸಾಲ ತಗೊಂಡ ಹೆಣ್ಮಕ್ಕಳೊಳಗ ಎಷ್ಟ್ ಮಂದಿ ಧಂಧೆಕ್ಕ ತಗೊಂಡಿದ್ರು, ಎಷ್ಟ್ ಮಂದಿ ದವಾಖಾನಿ ಬಿಲ್ಲಿಗೆ ತಗೊಂಡಿದ್ರು.

ಇನ್ನ ನಮ್ಮ ಮೆಥಡಿಸ್ಟ್ ಪಂಥ ಸುರು ಮಾಡಿದ ಜಾನ್ ವೆಸ್ಲಿ. ರೊಕ್ಕದ ಬಗ್ಗೆ ಅವ್ನ ಪ್ರಸಂಗ, ಅಂದ್ರ ಚರ್ಚಿನ ಉಪದೇಶ, ಎಲ್ಲಾರ್ಗೂ ಮೂರ್ ಮಾತಿನ್ಯಾಗ ಗೊತ್ತೈತಿ: ಆದಷ್ಟು ಗಳಿಸು, ಆದಷ್ಟು ಉಳಿಸು, ಆದಷ್ಟು ಕೊಡು. ಮಂದಿ ಮೊದಲ್ನೇದಕ್ಕ ಆಮೆನ್ ಅಂತಾರ, ಮೂರ್ನೇದಕ್ಕ ಕೆಮ್ಮತಾರ. ಮೊದಲ್ನೇದಕ್ಕೂ ಅವ ಬೇಲಿ ಹಾಕ್ಯಾನ್ರಿ: ನಿನ್ ಮೈ ಕೆಡಿಸ್ಕೊಂಡು ಗಳಿಸಬ್ಯಾಡ, ಮಂದಿ ಮೈ ಕೆಡಿಸಿ ಗಳಿಸಬ್ಯಾಡ ಅಂತ ಸೆರೆ ಮಾರೋರಿಗೆ ಉಗದಾನ, ಬಾಜೂಕಿನ ಅಂಗಡಿಯವ ಮುಳುಗಲಿ ಅಂತ ರೇಟ್ ಇಳಿಸಬ್ಯಾಡ ಅಂದಾನ. ಹಿಂಗ್ ನೋಡಿದ್ರ ಈಗಿನ ಆ್ಯಪ್‌ ಕಂಪನಿಗಳ ಡಿಸ್ಕೌಂಟ್ ಕಥಿ ಏನಾಗ್ಬೇಕು!

ಆಶೀರ್ವಾದ 7
ಇಷ್ಟೆಲ್ಲಾ ಲೆಕ್ಕಾಚಾರ ಯಾಕೆ ಬ್ರದರ್? ಮಲಾಕಿಯ 3:10 ಓದಿ. ದಶಮಾಂಶ, ಅಂದ್ರೆ ಗಳಿಕೆಯ ಹತ್ತರಲ್ಲಿ ಒಂದು ಪಾಲು, ನಂಬಿಗಸ್ತರಾಗಿ ದೇವರಿಗೆ ಕೊಡಿ, ಆತನು ಆಕಾಶದ ಬಾಗಿಲು ತೆಗೀತಾನೆ. ನಮ್ಮ ಸಭೆಯಲ್ಲಿ ಒಬ್ಬ ಸಹೋದರ ತಿಂಗಳಿಗೆ ತಪ್ಪದೆ ಕೊಟ್ಟರು, ಇವತ್ತು ಎರಡು ಗಾಡಿ ತಗೊಂಡಿದ್ದಾರೆ. ಹಳೇ ಸ್ಟಾಕ್ ಕೂಡ ಹೋಗುತ್ತೆ, ಪ್ರಾರ್ಥನೆ ಮಾಡಿ.

ರೈಲ್ವೆ ಗೇಟ್ 2
ಬ್ರದರ್, ಗಾಡಿ ಬರಲಿ, ಬ್ಯಾಡ ಅನ್ನಾಂಗಿಲ್ಲ. ಆದ್ರ ಅವ ಕೇಳಿದ್ದು ಸ್ಟಾಕ್ ಹೋಗ್ತೈತೋ ಇಲ್ಲೋ ಅಂತಲ್ಲ, ಹೆಂಗ್ ಹೋಗ್ಬೇಕು ಅಂತ. ಬೈಬಲ್ನ್ಯಾಗಿನ ಭಕ್ತ ಯೋಬ ದಶಮಾಂಶ ಕಮ್ಮಿ ಕೊಟ್ಟಿದ್ನೇನು, ಎಲ್ಲಾ ಕಳ್ಕೊಂಡ್ನಲ್ಲ? ಮಲಾಕಿಯ 3:10 ಓದಾಕಿನ್ನ ಮುಂಚೆ 3:5 ಓದ್ರಿ, ಕೂಲಿಯವನ ಕೂಲಿ ಹಿಡಿಯಾಂವನ ವಿರುದ್ಧ ನಾನೇ ಸಾಕ್ಷಿ ಅಂತಾನ ದೇವರು. ಐದೇ ಸಾಲು ಮ್ಯಾಲ ಐತಿ, ಯಾರೂ ಓದಾಂಗಿಲ್ಲ.

ಆಶೀರ್ವಾದ 7
ತೀರ್ಪು ಮಾಡಬೇಡಿ ಬ್ರದರ್ 🙏

ಗುಳೇದಗುಡ್ಡ ಖಣ
ನಮ್ ಊರ ಬಗ್ಗೆ ಒಂದ್ ಮಾತು. ಗುಳೇದಗುಡ್ಡದಾಗ ಬಾಸೆಲ್ ಮಿಷನ್ (ಸ್ವಿಟ್ಜರ್ಲಂಡಿನ ಕ್ರಿಶ್ಚನ್ ಪ್ರಚಾರ ಸಂಸ್ಥೆ) ಇತ್ತು ಅಂತ ಹಿರ್ಯಾರು ಹೇಳ್ತಾರ, ನಮ್ಮೂರು ನೇಕಾರರೂರು. ಆ ಮಿಷನ್ನವ್ರು 1834ರಾಗ ಮಂಗಳೂರಿಗೆ ಬಂದ್ರು, ಕ್ರಿಶ್ಚನ್ ಆದವ್ರಿಗೆ ತಮ್ ಕುಲದ ಕಸುಬು, ಇರಾಕ ಮನಿ ಎಲ್ಲಾ ತಪ್ಪಿ ಹೋಗ್ತಿತ್ತು, ಅವ್ರಿಗೆ ಹೊಟ್ಟಿಗೇನು ಅಂತ ಮಗ್ಗ ಹಾಕಿದ್ರು, 1865ರಾಗ ಹಂಚಿನ ಕಾರ್ಖಾನಿ ಸುರು ಮಾಡಿದ್ರು. ಬೋಧನಿ ಮಾಡಾಕ ಬಂದವ್ರು ಮಾಲೀಕರಾದ್ರು. ಲಾಭ ಮಿಷನ್ನಿಗೇ ಹೋಗ್ತಿತ್ತು ಅಂತಾರ, ಚಲೋ. ಆದ್ರ ಐತಾರ ಪ್ರಸಂಗ ಹೇಳಾಂವನೂ ಸೋಮಾರ ಹಾಜರಿ ಹಾಕಾಂವನೂ ಒಂದೇ ಕಡಿಯವ್ರು ಅಂದ್ರ ಕೂಲಿ ಜಾಸ್ತಿ ಕೇಳಾಕ ಬಾಯಿ ಹೆಂಗ್ ಬರ್ತೈತ್ರಿ? ನಾ ಬೈಯಾಕ ಹೇಳ್ತಿಲ್ಲ, ಹಂಚು ಇವತ್ತಿಗೂ ಮನಿ ಮ್ಯಾಲ ಅದಾವು.

ಘಟಪ್ರಭಾ ದಂಡಿ
ಇದಕ್ಕ ನಮ್ ಶರಣರ ಕಾಯಕ ನೆನಪಾಗ್ತೈತಿ ನೋಡ್ರಿ. ಆಯ್ದಕ್ಕಿ ಮಾರಯ್ಯ ಒಂದಿನಾ ದಿನಕಿಂತ ಹೆಚ್ಚಿಗಿ ಅಕ್ಕಿ ಆರಿಸ್ಕೊಂಡು ಬಂದ್ರ ಲಕ್ಕಮ್ಮ ಒಳಗ ಕರ್ಕೊಳ್ಲಿಲ್ಲ, ಈಸಕ್ಕಿಯಾಸೆ ನಿಮಗೇಕೆ ಅಂತ ತಿರುಗಿ ಸುರುದು ಬಾ ಅಂದ್ಳು. ಮಾಸ್ತರ, ಚುರುಮುರಿ ಕೇಳಿದ ಮಿತ ಎಷ್ಟು ಅನ್ನೂದಕ್ಕ ಅಕಿ ಉತ್ತರ ಕೊಟ್ಟಾಳ.

ಕ್ಯಾಂಪ್ ಮಾಸ್ತರ (ಬೆಳಗಾವಿ)
ಒಪ್ಪಿದೆ. ಆದರೆ ಒಂದು ವ್ಯತ್ಯಾಸ. ಲಕ್ಕಮ್ಮ ತನ್ನ ಮನೆಗೆ ಮಿತಿ ಹಾಕ್ಕೊಂಡಳು. ಆಳು ಇಟ್ಕೊಂಡವನ ಮಿತಿ ಏನು ಅನ್ನೋದು ಬೇರೆ ಲೆಕ್ಕ. 1891ರಲ್ಲಿ 13ನೇ ಲಿಯೋ ಪೋಪರು ಕಾರ್ಮಿಕರ ಬಗ್ಗೆ ಬರೆದ ಪತ್ರದಲ್ಲಿ ಅದನ್ನೇ ಹಿಡಿದರು. ಖಾಸಗಿ ಆಸ್ತಿ ಬೇಡ ಅನ್ನೋ ಸಮಾಜವಾದಿಗಳನ್ನ ಅವರು ಒಪ್ಪಲಿಲ್ಲ. ಆದರೆ ಆಳು ಮಾಲೀಕ ಇಬ್ಬರೂ ಒಪ್ಪಿಕೊಂಡ ಕೂಲಿ ಅಂದ ಮಾತ್ರಕ್ಕೆ ಅದು ನ್ಯಾಯದ ಕೂಲಿ ಆಗಲ್ಲ, ಬೇರೆ ದಾರಿ ಇಲ್ಲದೆ ಹೆದರಿ ಒಪ್ಪಿದರೆ ಅದು ಬಲಾತ್ಕಾರ, ಮಿತವಾಗಿ ಬಾಳೋ ಕೆಲಸಗಾರನ ಹೊಟ್ಟೆ ತುಂಬುವಷ್ಟಾದರೂ ಇರಬೇಕು ಅಂದರು. 2025ರಲ್ಲಿ ಆರಿಸಿ ಬಂದ ಈಗಿನ ಪೋಪರು ಲಿಯೋ ಅಂತ ಹೆಸರಿಟ್ಟುಕೊಂಡದ್ದು ಈ ಪತ್ರ ನೆನೆದೇ.

ದ್ರಾಕ್ಷಿ ಹುಡುಗ (ವಿಜಯಪುರ)
ನಮ್ಮಲ್ಲಿ ಕಡ್ಡಿ ತಗಿಯಾಕ 11 ಮಂದಿ ಹೆಣ್ಮಕ್ಕಳು ಬರ್ತಾರ. ಊರಾಗ ಏನ್ ರೇಟ್ ಐತೋ ಅದನ್ನ ಕೊಡ್ತೀನ್ರಿ, ಅವ್ರು ಒಪ್ಪ್ಯಾರ... ಅಂತ ಟೈಪ್ ಮಾಡಾಕ ಹೊಂಟಿದ್ದೆ, ಮಾಸ್ತರ ಮಾತು ಓದಿ ಬೆರಳು ನಿಂತು ಬಿಡ್ತು.

ತೋಟದ ಮಗಳು
ಇಷ್ಟೊತ್ತನ ಬರೇ ಓದ್ತಿದ್ದೆ. ನಮ್ಮವ್ವ ಹದಿನೆಂಟ್ ವರ್ಷ ದ್ರಾಕ್ಷಿ ಕಡ್ಡಿ ತಗದಾಳ, ಹಿಂಗಾಗಿ ಹೇಳ್ತೀನಿ. ಇಡೀ ದಿನಾ ಕುಂತು ಸಂಜೀಕ ಬೆರಳಿನ ತುದಿ ಅಂಟಂಟ, ನೀರಿಗೆ ಹೋಗಾಂಗಿಲ್ಲ, ಬೂದಿ ಹಚ್ಚಿ ತಿಕ್ಕಬೇಕು. ಉಗುರಿನ ಸಂದ್ಯಾಗ ಸೀಳು ಬಿಟ್ಟಿರ್ತಾವು, ಅದರಾಗ ಗಂಧಕದ ಪುಡಿ ಹೊಕ್ರ ಉರಿ. ಅವ್ವನ ಸೀರಿ ಸೆರಗಿಗೆ ಯಾವಾಗ್ಲೂ ದ್ರಾಕ್ಷಿ ವಾಸನಿ ಇರ್ತಿತ್ತು, ಇರುವಿ ಹತ್ತತಿದ್ವು, ಆದ್ರ ಮನ್ಯಾಗ ದ್ರಾಕ್ಷಿ ಇರ್ತಿದ್ದಿಲ್ಲ.

ಯೇಸು ಹೇಳಿದ ದ್ರಾಕ್ಷಿ ತೋಟದ ಸಾಮ್ಯ (ದೃಷ್ಟಾಂತದ ಕಥಿ) ಮತ್ತಾಯ 20ರಾಗ ಐತಲ್ರಿ, ಮುಂಜಾನೆ ಬಂದಾಂವನಿಗೂ ಸಂಜಿ ಐದಕ್ಕ ಬಂದಾಂವನಿಗೂ ಒಂದೇ ದೀನಾರ ಕೊಟ್ಟ ಅಂತ. ಇದರ ಮ್ಯಾಲ ಎಷ್ಟ್ ಪ್ರಸಂಗ ಕೇಳೀನೋ ಲೆಕ್ಕಿಲ್ಲ, ಕೃಪೆ, ದೇವರ ಉದಾರತನ, ಎಲ್ಲಾ ಖರೇನ. ಆದ್ರ ಒಂದ್ ಸಣ್ಣ ಮಾತು ಯಾರೂ ಹೇಳಾಂಗಿಲ್ಲ, ಆ ಮಾಲೀಕ ಅವತ್ತ ಸಂಜೀಕ ಕರದು ಕೊಟ್ಟ. ವಾರದ ಮ್ಯಾಲಲ್ಲ, ಮಾಲ್ ಮಾರಿದ ಮ್ಯಾಲಲ್ಲ. ಯಾಜಕಕಾಂಡ 19ರಾಗ ಕೂಲಿ ಮರುದಿನ ಮುಂಜಾನಿತನ ಇಟ್ಕೋಬ್ಯಾಡ ಅಂತ ಐತಿ, ಅದನ್ನ ಅವ ಪಾಲಿಸಿದ. ಧರ್ಮೋಪದೇಶಕಾಂಡ 24ರಾಗ ಕಾರಣಾನೂ ಐತಿ, ಅವ ಬಡವ, ಅವ್ನ ಜೀವ ಅದರ ಮ್ಯಾಲ ಐತಿ ಅಂತ. ಯಾಕೋಬನ ಪತ್ರದಾಗ ಅಂತೂ ಹಿಡದಿಟ್ಟ ಕೂಲಿನೇ ಕೂಗ್ತೈತಿ ಅಂತಾನ. ಕೂಲಿಯವ್ರು ಕೂಗೂದು ಬ್ಯಾರೆ ಮಾತು, ಕೂಲೀನ ಕೂಗ್ತೈತಿ.

ನೀವು ವಾರಕ್ಕೊಮ್ಮೆ ಕೊಡ್ತೀರಿ ಅನ್ಕೋತೀನಿ. ಯಾವ ದಿನಾ, ಎಷ್ಟ್ ಗಂಟೇಕ?

ದ್ರಾಕ್ಷಿ ಹುಡುಗ (ವಿಜಯಪುರ)
ಶನಿವಾರ ರೀ ಅಕ್ಕಾ. ಪಾರ್ಟ್ನರ್ ಬ್ಯಾಂಕಿನಿಂದ ಬಂದ ಮ್ಯಾಲ, ಏಳಾಗ್ತೈತಿ, ಒಮ್ಮೊಮ್ಮೆ ಸೋಮಾರ ಕೊಡ್ತೀವಿ.

ತೋಟದ ಮಗಳು
ನಿಮ್ಮೂರ ಸಂತಿ ಯಾವತ್ತು?

ದ್ರಾಕ್ಷಿ ಹುಡುಗ (ವಿಜಯಪುರ)
ಶನಿವಾರ.

ತೋಟದ ಮಗಳು
ಏಳಕ್ಕ ಸಂತ್ಯಾಗ ಏನ್ ಉಳದಿರ್ತೈತ್ರಿ? ಬಾಡಿದ ಮೆಂತೆ, ಒಡದ ಟೊಮ್ಯಾಟೊ. ಸೋಮಾರ ಕೊಟ್ರ ಒಂದ್ ವಾರ ಅಂಗಡ್ಯಾಗ ಉದ್ರಿ, ಉದ್ರಿ ರೇಟ್ ಬ್ಯಾರೆ. ನಾಕ್ ಗಂಟಿ ಒಳಗ ಕೊಡ್ರಿ, ನೀವು ಒಂದ್ ರೂಪಾಯಿನೂ ಜಾಸ್ತಿ ಕೊಟ್ಟಂಗಾಗಾಂಗಿಲ್ಲ. ಜಾಸ್ತಿ ಕೊಡೂ ಮಾತು ಆಮ್ಯಾಲ ಮಾಡೋಣಂತ, ಅದನ್ನೂ ಬಿಡಾಂಗಿಲ್ಲ ನಾ.

ಡೋಣಿ ಹೊಳಿ
ನಮ್ ಹಮಾಲರ್ದೂ ಇದೇ ಕಥಿ ಐತಿ. ಓದಿದೆ.

ದ್ರಾಕ್ಷಿ ಹುಡುಗ (ವಿಜಯಪುರ)
ಹತ್ತ್ ದಿನಾ ಆತು, ಏನಾತು ಹೇಳು ಅಂತ ಇನ್‌ಬಾಕ್ಸಿನ್ಯಾಗ ಕೇಳಾಕತ್ತಾರ, ಹಿಂಗಾಗಿ ಬರೀತೀನಿ.

ಹುಬ್ಬಳ್ಳಿಯವ್ರಿಗೆ ಫೋನ್ ಮಾಡಿ ಹ್ವಾದ ವರ್ಷದ ಮಾಲು ಅಂತ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮ್ಯಾಲ ಕಿಲೋಕ್ಕ 22 ರೂಪಾಯಿ ಕಡೀರಿ ಅಂದ್ರು, 60 ಬಾಕ್ಸ್ ತಗೊಂಡ್ರು, ಉಳದ 80 ಬ್ಯಾಡ ಅಂದ್ರು. ಇನ್ನ ಮುಂದ ನನ್ನ ಹತ್ರಾನ ತಗೋತೀವಿ ಅಂತೇನೂ ಅನ್ನಲಿಲ್ಲ. ಪಾರ್ಟ್ನರ್ ಮೂರ್ ದಿನಾ ಮಾತಾಡ್ಲಿಲ್ಲ, ಈಗ ಚಾ ಕುಡ್ಯಾಕ ಬರ್ತಾನ ಆದ್ರ ಬಿಲ್ಲು ನಾನ ಕೊಡ್ಬೇಕು. ಮುಂಗಡದ 5 ರೂಪಾಯಿ ಮಾತು ಇನ್ನೂ ಎತ್ತಿಲ್ಲ, ಎತ್ತಿದ್ರ ಅಂಗಡಿ ಎರಡ್ ಪಾಲಾಗ್ತೈತಿ, ಡಿಸೆಂಬರ್ ಬರಲಿ ನೋಡೋಣ.

ಕೂಲಿ ಮಾತ್ರ ಶನಿವಾರ ಮೂರೂವರೀಕ ಕೊಟ್ಟೆ, ಶುಕ್ರವಾರನ ರೊಕ್ಕ ತಂದಿಟ್ಟಿದ್ದೆ. ಒಬ್ಬಾಕಿ ಎರಡ್ ಸಲ ಎಣಿಸಿ, ಇವತ್ತೇನ್ ಹಬ್ಬಾನ್ರಿ ಅಂದ್ಳು.

ಖಾರಾ ಚುರುಮುರಿ
80 ಬಾಕ್ಸ್ ಏನ್ ಮಾಡ್ತಿ? ನಮ್ ಮನ್ಯಾಗ ಕಾರ್ಯ ಐತಿ, ಪಾಯ್ಸಕ್ಕ ಒಂದ್ ಬಾಕ್ಸ್ ಬೇಕಿತ್ತು. ಕಿಲೋ ಎಷ್ಟ್ ಹಾಕ್ತಿ?

ದ್ರಾಕ್ಷಿ ಹುಡುಗ (ವಿಜಯಪುರ)
ಹುಬ್ಬಳ್ಳಿಯವ್ರಿಗೆ ಹಾಕಿದ ರೇಟ. ಸಿಹಿ ಕಮ್ಮಿ ಆಗಿಲ್ಲ, ತಳದ ಬಾಕ್ಸಿನ್ಯಾಗ ಸ್ವಲ್ಪ ಕಂದು ತಿರುಗ್ಯಾವು, ಕಡ್ಡೀನೂ ಅಲ್ಲೊಂದ್ ಇಲ್ಲೊಂದ್ ಉಳದಾವು. ನೆನಸಿಟ್ಟು ಎರಡ್ ಸಲ ತೊಳ್ದು ಹಾಕಾಕ ಹೇಳು.